ಹತ್ತು ರೂಪಾಯಿಯ ಬ್ಯಾಂಕು

ಅಕ್ಷರ ಬಾರದವರಿಗೆ ಹಣದ ವ್ಯವಹಾರವೂ ಬಾರದೆಂದು ನಂಬುವವರು ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿಯೂ ಇದ್ದಾರೆ. ಅವರು ಒಮ್ಮೆ ಅಹಮದಾಬಾದಿನ ಕಡೆ ನೋಡಬೇಕು. 1974ರಲ್ಲಿ ಇಳಾ ಭಟ್ಟರ ಮುಂದಾಳುತನದಲ್ಲಿ ಅಲ್ಲಿನ 4,000 ಹೆಂಗಸರು, ತರಕಾರಿ ಮಾರುವವರು, ಹಳೆಬಟ್ಟೆ ಮಾರುವವರು, ತಲೆಹೊರೆ ಹೊರುವವರು, ತಲಾ 10 ರೂಪಾಯಿ ಷೇರು ಹಣ ಹಾಕಿ ಸೇವಾ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಬಹುಮಂದಿಗೆ ರುಜು ಹಾಕಲು ಬಾರದು. ಪಾಸ್‌ಬುಕ್ಕಿನಲ್ಲಿ ಭಾವಚಿತ್ರ ಅಂಟಿಸಿದರು, ಅಷ್ಟೇ!

ಕಿರುಸಾಲವೆಂದರೆ ಎಲ್ಲರೂ ಸಾಲವನ್ನೇ ಹೊಗಳುತ್ತಾರೆ. ನನಗೆ ಹಿರಿದಾಗಿ ಕಾಣುವುದು ಆ ಹೆಂಗಸರು ತಮ್ಮ ಹೆಸರಿನಲ್ಲಿಟ್ಟ ಉಳಿತಾಯ, ಮತ್ತು ಆ ಷೇರು. ಅಲ್ಲಿ ಸಾಲ ಪಡೆಯುವವಳೇ ಒಡತಿ. ನಮ್ಮ ಹಳ್ಳಿಗಳಿಗೆ ಬರುವ ಸಾಲದ ಕಂಪೆನಿಗಳಲ್ಲಿ ಅವಳಿಗೆ ಆ ಸ್ಥಾನವೆಲ್ಲಿದೆ? ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.