ಇಂಗ್ಲಿಷ್ ಕೇಳುವವರೇ, ಟೀಚರ ತಯಾರಿಯನ್ನೂ ಕೇಳಿ

ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆತಾಯಂದಿರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ, ಊರಿನ ಶಾಲೆ ಉಳಿಯಲಿ ಎಂದು ಬಯಸುವ ಎಲ್ಲರಲ್ಲಿ ನನ್ನದೊಂದು ವಿನಂತಿ. ದಾಖಲಾತಿಯ ದಿನಗಳಲ್ಲಿ ನಾವು ಹೆಡ್‌ಮಾಸ್ಟರನ್ನು ಮೊದಲು ಕೇಳುವುದು "ಇಲ್ಲಿ ಇಂಗ್ಲಿಷ್ ಇದೆಯಾ ಸಾರ್?" ಎಂದು. ಈ ಸಲ ಜೊತೆಗೆ ಇನ್ನೊಂದನ್ನೂ ಕೇಳಿ: "ಇಂಗ್ಲಿಷ್ ಕಲಿಸುವ ಟೀಚರಿಗೆ ತರಬೇತಿ ಸಿಕ್ಕಿದೆಯಾ?"

ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಅದಕ್ಕೆ ಮೊದಲು ಐದನೆಯದರಲ್ಲಿ ಶುರುವಾಗುತ್ತಿತ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಇದು ಬೇಕೋ ಬೇಡವೋ ಎಂಬ ವಾದ ಇನ್ನೂ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಆದರೆ ಬೇಕೆನ್ನುವವರೂ ಬೇಡವೆನ್ನುವವರೂ ಕರಿಹಲಗೆಯ ಮುಂದೆ ನಿಂತವರ ಪಾಡನ್ನು ಮಾತಿಗೆ ತಂದದ್ದು ಕಡಿಮೆ.

ಆರರಿಂದ ಎಂಟನೇ ತರಗತಿಗೆ ಇಂಗ್ಲಿಷಿಗೆಂದೇ ಪದವೀಧರ ಶಿಕ್ಷಕರ ಹುದ್ದೆಗಳಿವೆ. ಒಂದರಿಂದ ಐದಕ್ಕೆ ಹಾಗಲ್ಲ. ಕನ್ನಡ, ಗಣಿತ, ಪರಿಸರ ಅಧ್ಯಯನ ಹೇಳಿಕೊಡುವ ಟೀಚರೇ ಸಾಮಾನ್ಯವಾಗಿ ಇಂಗ್ಲಿಷನ್ನೂ ಹೇಳಿಕೊಡಬೇಕು. ನಲಿ-ಕಲಿ ಕೋಣೆಯಲ್ಲಾದರೆ ಒಂದು, ಎರಡು, ಮೂರನೆಯ ತರಗತಿಯವರನ್ನು ಒಟ್ಟಿಗೇ ಕೂರಿಸಿಕೊಂಡು. ಇವರಲ್ಲಿ ಬಹಳಷ್ಟು ಮಂದಿ ಕನ್ನಡ ಮಾಧ್ಯಮದಲ್ಲೇ ಓದಿದವರು. ಅದನ್ನು ಕೊರತೆ ಎನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಮಗು ಎಲ್ಲಿ ಎಡವುತ್ತದೆಂದು ಅವರಿಗೆ ಸ್ವಂತ ಅನುಭವದಿಂದ ಗೊತ್ತು. ಆದರೆ ಇಂಗ್ಲಿಷನ್ನು ಕಿವಿತುಂಬ ಕೇಳಿ, ಬಾಯಿಬಿಟ್ಟು ಆಡುವ ಅವಕಾಶವನ್ನು ನಾವು ಅವರಿಗೆ ಒದಗಿಸಲೇ ಇಲ್ಲ. ಹಾಗಾಗಿ ತರಗತಿಯಲ್ಲಿ 'ಏ ಫಾರ್ ಆ್ಯಪಲ್' ಎಂಬ ಒಕ್ಕೊರಲು, ಸ್ಪೆಲ್ಲಿಂಗ್ ಬಾಯಿಪಾಠ, ಹಲಗೆಯಿಂದ ನಕಲು ಮಾಡಿಕೊಂಡ ಪ್ರಶ್ನೋತ್ತರ ಇವೇ ಉಳಿಯುತ್ತವೆ.

ಸಣ್ಣ ತರಗತಿಗೆ ಯಾರಾದರೂ ಸಾಕು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ನಿಜ ಇದಕ್ಕೆ ತಿರುಗುಮುರುಗು. ಆರು ವರ್ಷದ ಮಗುವಿಗೆ ವ್ಯಾಕರಣ ವಿವರಿಸಿ ಭಾಷೆ ಕಲಿಸಲಾಗದು. ಬಾ, ಕೂತುಕೋ, ಬಾಗಿಲು ಹಾಕು, ನಿನ್ನ ಪೆನ್ಸಿಲ್ ಎಲ್ಲಿ ಎಂದು ಟೀಚರು ದಿನವೂ ಇಂಗ್ಲಿಷಿನಲ್ಲಿ ಆಡುವ ಮಾತೇ ಅದರ ಪಠ್ಯ. ಪಾವಗಡದ ಕಡೆಯ ಹಳ್ಳಿಯೊಂದರ ಮಗುವಿಗೆ ತನ್ನನ್ನೇ ಉದ್ದೇಶಿಸಿ ಆಡಿದ ಇಂಗ್ಲಿಷ್ ಬೇರೆಲ್ಲಿ ಕೇಳಲು ಸಿಗುತ್ತದೆ? ಓದು ಇನ್ನೂ ಕಷ್ಟದ ಕೆಲಸ. ಕನ್ನಡದಲ್ಲಿ ಅಕ್ಷರ ಕಂಡರೆ ಸದ್ದು ತಿಳಿಯುತ್ತದೆ, ಇಂಗ್ಲಿಷಿನಲ್ಲಿ ಹಾಗಿಲ್ಲ. ಕಾಗುಣಿತ ಇನ್ನೂ ಕೈಹತ್ತದ ಮಗುವಿಗೆ ಆ ಎರಡನೆಯ ಲಿಪಿಯನ್ನು ಯಾವಾಗ, ಹೇಗೆ ತೋರಿಸಬೇಕೆಂಬುದು ಕಲಿತು ಪಡೆಯಬೇಕಾದ ವಿದ್ಯೆ. ಎಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಬೇಕೆಂಬ ವಿವೇಚನೆಯೂ ಅದರೊಳಗೇ ಸೇರಿದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡಬಾರದೆಂಬ ಕಟ್ಟಪ್ಪಣೆ ಮಗುವಿನ ಬಾಯಿ ಕಟ್ಟುತ್ತದೆ, ಅಷ್ಟೇ.

ಬೇಗ ಶುರುಮಾಡಿದರೆ ತಾನಾಗಿಯೇ ಬರುತ್ತದೆ ಎಂದು ನೆಚ್ಚಿದವರು ನಾವೊಬ್ಬರೇ ಅಲ್ಲ. ಇಂಗ್ಲೆಂಡಿನಲ್ಲಿ 1960ರ ದಶಕದಲ್ಲಿ ಎಂಟು ವರ್ಷದ ಮಕ್ಕಳಿಗೆ ಫ್ರೆಂಚ್ ಕಲಿಸುವ ದೊಡ್ಡ ಪ್ರಯೋಗ ನಡೆಯಿತು. ಬೇಗ ಆರಂಭಿಸಿದ ಮಾತ್ರಕ್ಕೆ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲವೆಂದು 1974ರ ಮೌಲ್ಯಮಾಪನ ವರದಿ ಹೇಳಿತು.

ದಾರಿ ತೋರಿಸುವವರು ನಮ್ಮಲ್ಲಿಲ್ಲವೇ? ಧಾರಾಳವಾಗಿ ಇದ್ದಾರೆ. ದಕ್ಷಿಣ ಭಾರತದ ರಾಜ್ಯಗಳ ಶಿಕ್ಷಕರಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿ 1963ರಿಂದ ಇದೆ. ಜ್ಞಾನಭಾರತಿಯ ಅದರ ಆವರಣದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರು 30 ದಿನದ ತರಬೇತಿ ಪಡೆದು ಹೋಗುತ್ತಾರೆ. ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ಜಗತ್ತಿನ ಭಾಷಾಬೋಧಕರು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಿಟ್ಟರು. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು, ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಹರಡಿ, ಅದರಲ್ಲೊಂದು ಸಮಸ್ಯೆ ಬಿಡಿಸಲು ಕೊಡುತ್ತಿದ್ದರು. ಮನಸ್ಸು ಸಮಸ್ಯೆಯಲ್ಲಿ ಮುಳುಗಿದಾಗ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಎಲ್ಲರಿಗೂ ಒಗ್ಗುವ ಶ್ರೇಷ್ಠ ಪದ್ಧತಿ ಎಂಬುದಿಲ್ಲ, ತಾನು ಕಲಿಸುವುದರಿಂದ ಮಗು ಹೇಗೆ ಕಲಿಯುತ್ತಿದೆ ಎಂಬುದರ ಬಗ್ಗೆ ಶಿಕ್ಷಕರಿಗೆ ತಮ್ಮದೇ ಜೀವಂತ ಗ್ರಹಿಕೆ ಇರಬೇಕು ಎಂದೂ ಅವರು ಮುಂದೆ 1990ರಲ್ಲಿ ವಾದಿಸಿದರು. ಆ ಗ್ರಹಿಕೆ ಒಂದು ತಿಂಗಳ ಶಿಬಿರದಲ್ಲಿ ಪೂರ್ತಿ ಬರುವಂಥದ್ದಲ್ಲ. ಶಾಲೆಗೆ ಮರಳಿ ಪ್ರಯತ್ನಿಸಿ, ಸೋತು, ಇನ್ನೊಬ್ಬರೊಡನೆ ಚರ್ಚಿಸಿ, ಮತ್ತೆ ಪ್ರಯತ್ನಿಸಿದಾಗ ಬರುತ್ತದೆ.

ಅದಕ್ಕೇ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ತಿಂಗಳ ತರಬೇತಿಗೆ ಹೋದರೆ ಅರ್ಧ ಶಾಲೆ ನಿಂತಂತೆ. ಬದಲಿ ಶಿಕ್ಷಕರನ್ನು ಕೊಡಿ ಎಂದು ಕೇಳೋಣ. ಅತಿಥಿ ಶಿಕ್ಷಕರನ್ನು ತರಬೇತಿಯಿಂದ ಹೊರಗಿಡಬೇಡಿ ಎನ್ನೋಣ. ಶಿಕ್ಷಕರಾಗಲು ಓದುವ ಡಿ.ಎಲ್.ಇಡಿ.ಯ ಎರಡು ವರ್ಷಗಳಲ್ಲಿ ಇಂಗ್ಲಿಷ್ ಆಡುವುದಕ್ಕೆ, ಕಥೆ ಹೇಳುವುದಕ್ಕೆ ಸಾಕಷ್ಟು ಗಂಟೆಗಳಿರಲಿ. ಕ್ಲಸ್ಟರ್ ಸಭೆಯಲ್ಲಿ ಸುತ್ತೋಲೆ ಓದುವುದರ ಜೊತೆಗೆ ಪಾಠ ಕಟ್ಟುವ ಕೆಲಸವೂ ನಡೆಯಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿ.ಆರ್.ಪಿ.) ಶಾಲೆಗೆ ಬಂದಾಗ ಒಂದು ಪೀರಿಯಡ್ ಟೀಚರ ಪಕ್ಕದಲ್ಲಿ ಕೂತು ನೋಡಲಿ, ನೆರವಾಗಲಿ. ಗಣತಿ, ಚುನಾವಣೆ, ಕಂಪ್ಯೂಟರಿಗೆ ಮಾಹಿತಿ ತುಂಬುವ ಕೆಲಸಗಳ ನಡುವೆ ಇದಕ್ಕೆಲ್ಲ ಬಿಡುವು ಸಿಗಬೇಕಾದರೆ ಆ ಹೊರೆಯೂ ಇಳಿಯಬೇಕು.

ನಮ್ಮಿಂದಲೂ ಒಂದು ಆಗಬೇಕು. ಟೀಚರು ಇಂಗ್ಲಿಷ್ ಆಡುವಾಗ ತಪ್ಪಿದರೆ ನಗಬೇಡಿ, ಮಕ್ಕಳೆದುರು ಪರೀಕ್ಷಿಸಬೇಡಿ. ಹಾಗೆ ನಗೆಗೀಡಾದವರು ಮರುದಿನ ಗೈಡಿನ ಹಿಂದೆ ಅಡಗುತ್ತಾರೆ, ಅಲ್ಲಿಗೆ ಮಕ್ಕಳ ಕಲಿಕೆಯೂ ನಿಲ್ಲುತ್ತದೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ನಿಮ್ಮ ಶಾಲೆಯ ಯಾರಿಗೆ ಯಾವ ತರಬೇತಿ ಆಗಿದೆ, ಯಾರಿಗೆ ಆಗಬೇಕಿದೆ ಎಂಬುದನ್ನು ಅವರನ್ನೇ ಕೇಳಿ ತಿಳಿದು ನಡಾವಳಿಯಲ್ಲಿ ಬರೆಸಿ. ಒಂದು ಪ್ರತಿ ಬಿ.ಇ.ಒ. ಕಚೇರಿಗೆ ಹೋಗಲಿ, ಇನ್ನೊಂದು ನಿಮ್ಮ ಶಾಸಕರಿಗೆ.