ಗಿಟಾರು ಮಿಂಚಿದರೆ ಸಾಕೇ, ಬೆರಳು ಬೇಡವೇ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಲೋತ್ಸವ ಹತ್ತಿರ ಬಂದಾಗಲೆಲ್ಲ ನಮಗೆ ಈ ಗಾದೆ ನೆನಪಾಗುತ್ತದೆ. "ಆ ಶಾಲೆಯ ಹುಡುಗನ ಕೈಯಲ್ಲಿ ಎಂಥಾ ಗಿಟಾರು ಮಾರಾಯ್ರೇ! ನಮ್ಮವನದ್ದು ನೋಡಿದರೆ ನಾಚಿಕೆಯಾಗುತ್ತದೆ" ಎನ್ನುವ ಹೆತ್ತವರು ಗಡಿನಾಡಿನ ನಮ್ಮ ಕನ್ನಡ ಶಾಲೆಗಳಲ್ಲಿ ಕಡಿಮೆಯೇನಿಲ್ಲ. ಸೋತರೆ ಗಿಟಾರಿನ ತಪ್ಪು, ಗೆದ್ದರೂ ಗಿಟಾರಿನದೇ ಮಹಿಮೆ! ಹಾಗಾದರೆ ನುಡಿಸಿದವನು ಎಲ್ಲಿ ಹೋದ? ಮಕ್ಕಳ ಎದುರಿನಲ್ಲೇ ಈ ಮಾತು ನಡೆಯುತ್ತಿರುವಾಗ ನಾವು ಅಧ್ಯಾಪಕರು ಸುಮ್ಮನೆ ಕೂರಬಾರದು.

ಮೊದಲು ಚಂದದ ವಿಷಯ. ತಾಳಮದ್ದಳೆಯ ನೆಲದವರಾದ ನಮಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ? ಅಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಕುಳಿತ ಅರ್ಥಧಾರಿಯ ಬಾಯಿಯಿಂದಲೇ ಕೌರವನೂ ಕೃಷ್ಣನೂ ಎದ್ದು ಬರುತ್ತಾರೆ. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ 1969ರಿಂದ ಒಂದೇ ಗಿಟಾರನ್ನು ಹಿಡಿದುಕೊಂಡಿದ್ದಾರೆ. ನುಡಿಸಿ ನುಡಿಸಿ ಅದರ ಮರ ಸವೆದು, ಇದ್ದ ತೂತಿನ ಪಕ್ಕದಲ್ಲಿ ಇನ್ನೊಂದು ತೂತೇ ಬಿದ್ದಿದೆ. ನಮ್ಮ ಕಡೆಯವರ ಕಣ್ಣಿಗೆ ಅದು ಗುಜರಿಗೆ ಹಾಕುವ ಸಾಮಾನು!

"ಚಂದ ಬಿಡಿ, ನಾದ ಬೇಡವೇ?" ಎಂದು ಕೇಳುವವರಿದ್ದಾರೆ. ಬೇಕು. ಆದರೆ ಬೆಲೆ ಏರಿದಷ್ಟೂ ನಾದ ಏರುತ್ತದೆ ಎಂಬುದು ನಿಜವೇ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹಿಂಭಾಗ ಮತ್ತು ಬದಿಯ ಮರ ಮಾತ್ರ ಬೇರೆ ಬೇರೆಯಾಗಿರುವ, ಉಳಿದಂತೆ ಒಂದೇ ರೀತಿಯ 6 ಗಿಟಾರುಗಳನ್ನು ಮಾಡಿಸಿದರು. ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ತೊಡಿಸಿ, 52 ಮಂದಿ ವಾದಕರ ಕೈಗೆ ಕೊಟ್ಟರು. ದುಬಾರಿ ಮರದ್ದಕ್ಕೂ ಅಗ್ಗದ ಮರದ್ದಕ್ಕೂ ಅವರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ! ಆ ಆರರಲ್ಲಿ ಒಂದು ಮರ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಬೀಟೆ. ಗಿಟಾರಿನ ಮುಂದಿನ ಹಲಗೆ, ಒಳಗಿನ ಕಟ್ಟು, ತಂತಿ ಇವೆಲ್ಲ ನಾದವನ್ನು ಬದಲಿಸುತ್ತವೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬೆಲೆಚೀಟಿ ನೋಡಿ ನಾದವನ್ನು ಅಳೆಯುವ ಚಟಕ್ಕೆ ಈ ಪರೀಕ್ಷೆ ಚೆನ್ನಾಗಿಯೇ ಉತ್ತರ ಕೊಟ್ಟಿದೆ.

ಇನ್ನು ಕೈಯ ವಿಷಯ. ಜಾಂಗೊ ರೈನ್‌ಹಾರ್ಟ್ ಎಂಬ ವಾದಕ 1928ರಲ್ಲಿ ಬೆಂಕಿಗೆ ಸಿಕ್ಕಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡ. ಉಳಿದ ಎರಡು ಬೆರಳುಗಳಲ್ಲೇ ತಂತಿಯ ಮೇಲೆ ಓಡಾಡಿ ಯುರೋಪಿನ ಜಾಜ್ ಸಂಗೀತದಲ್ಲಿ ದೊಡ್ಡ ಹೆಸರು ಮಾಡಿದ. ಅಷ್ಟು ದೂರ ಹೋಗುವುದೇ ಬೇಡ. ನಮ್ಮ ನೆರೆಯ ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರನ್ನು ನೆನೆಯೋಣ. ಗಮಕವೇ ಜೀವಾಳವಾದ ಕರ್ನಾಟಕ ಸಂಗೀತಕ್ಕೆ ಬ್ಯಾಂಡಿನವರ ಸ್ಯಾಕ್ಸೊಫೋನ್ ಎಲ್ಲಿ ಹೊಂದೀತು ಎಂಬ ಪ್ರಶ್ನೆಗೆ ಅವರು ವರ್ಷಗಟ್ಟಲೆ ಸಾಧನೆ ಮಾಡಿ ಉತ್ತರ ಕೊಟ್ಟರು. 2004ರಲ್ಲಿ ಪದ್ಮಶ್ರೀ ಬಂತು. ವಾದ್ಯದ ಜಾತಕ ನೋಡಿ ಕುಳಿತಿದ್ದರೆ ಇದು ಆಗುತ್ತಿತ್ತೇ?

ಹಾಗೆಂದು ಮಕ್ಕಳಿಗೆ ಯಾವ ಮುರುಕಲು ಕೊಟ್ಟರೂ ಸಾಕು ಎನ್ನುವವರು ನಾವಲ್ಲ. ತಂತಿ ಹಲಗೆಯಿಂದ ತೀರಾ ಮೇಲೆ ನಿಂತಿದ್ದರೆ ಒತ್ತಿ ಒತ್ತಿ ಬೆರಳು ಬೊಬ್ಬೆ ಬರುತ್ತದೆ, ಎಫ್ ಕಾರ್ಡ್ ಹಿಡಿಯಲು ಹೊರಟ ಮಗು ಗಿಟಾರನ್ನೇ ಬಿಟ್ಟು ಓಡುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಮಳೆಗಾಲದ ಥಂಡಿಗೆ ಮರ ಉಬ್ಬುತ್ತದೆ. ಶ್ರುತಿ ನಿಲ್ಲದ ಗಿಟಾರಿನಲ್ಲಿ ಕಲಿತ ಮಗುವಿನ ಕಿವಿಯೂ ಕೆಡುತ್ತದೆ. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ತಂದೆಯೊಡನೆ ಸೇರಿ ಮನೆಯಲ್ಲೇ ಗಿಟಾರು ಕಟ್ಟಲು ಕುಳಿತ. ಅದರ ಕುತ್ತಿಗೆಗೆ ಬಳಸಿದ್ದು ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ. ಅಂದರೆ ವಾದ್ಯದ ಬಗ್ಗೆ ಕಾಳಜಿ ಬೇಕೇ ಬೇಕು. ಆ ಕಾಳಜಿ ಬೇರೆ, ಅಂಗಡಿಯ ಗಾಜಿನೊಳಗಿನ ಹೊಳಪಿಗೆ ಮರುಳಾಗುವುದು ಬೇರೆ.

ಆದ್ದರಿಂದ ರಕ್ಷಕ ಶಿಕ್ಷಕ ಸಂಘದವರಿಗೂ ದಾನಿಗಳಿಗೂ ನಮ್ಮ ಮಾತು ಇಷ್ಟೇ. ಶ್ರುತಿ ನಿಲ್ಲುವ, ಬೆರಳಿಗೆ ಹಗುರವಾದ ಒಂದು ಸಾಧಾರಣ ಗಿಟಾರು ಕೊಡಿ. ತಂತಿ ಸವೆದಾಗ ಹೊಸ ತಂತಿ ಹಾಕಿಸಿ. ಮಿಕ್ಕ ಹಣದಲ್ಲಿ ವಾರಕ್ಕೆ ಎರಡು ದಿನವಾದರೂ ಕಲಿಸುವ ಮೇಷ್ಟ್ರನ್ನು ಕರೆಸಿ. ಹೊಳೆಯುವ ಗಿಟಾರು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂರುತ್ತದೆ, "ಮುಟ್ಟಬೇಡ, ಗೀರು ಬೀಳುತ್ತದೆ" ಎನ್ನುತ್ತೇವೆ. ಸಾಧಾರಣದ್ದು ಹತ್ತು ಮಕ್ಕಳ ಕೈಯಲ್ಲಿ ಓಡಾಡುತ್ತದೆ. ಯಾವುದರಿಂದ ವಾದಕ ಹುಟ್ಟುತ್ತಾನೆ, ನೀವೇ ಹೇಳಿ.

ಗೋಡೆಯ ಬಣ್ಣ, ಬಸ್ಸು, ಟೈ ನೋಡಿ ಶಾಲೆ ಆರಿಸುವ ಕಾಲದಲ್ಲಿ ಕನ್ನಡ ಮಾಧ್ಯಮದ ನಾವೇ ಗಿಟಾರಿನ ಬಣ್ಣ ನೋಡಿ ಮಗುವನ್ನು ಅಳೆದರೆ ಇನ್ನು ಯಾರನ್ನು ದೂರೋಣ? ಮುಂದಿನ ಬಾರಿ ಮಗು ವೇದಿಕೆ ಇಳಿದು ಬಂದಾಗ ಅದರ ಗಿಟಾರನ್ನು ನೋಡಬೇಡಿ. ಎಡಗೈ ಬೆರಳಿನ ತುದಿ ಮುಟ್ಟಿ ನೋಡಿ. ಅಲ್ಲಿ ಚರ್ಮ ಗಡುಸಾಗಿದ್ದರೆ ಬೆನ್ನು ತಟ್ಟಿ.