ಮುಧೋಳ ತಳಿಯ ಹೆಮ್ಮೆಯೂ ಘಟ್ಟದ ರಸ್ತೆಯಲ್ಲಿ ಬಿಟ್ಟ ನಾಯಿಯೂ

ಕಳೆದ ಮಳೆಗಾಲದ ಕೊನೆಯಲ್ಲಿ ಅರಬೈಲ್ ಘಟ್ಟದ ತಿರುವೊಂದರಲ್ಲಿ ನಮ್ಮ ಬಳಗದ ವಿದ್ಯಾರ್ಥಿಗಳಿಗೆ ಒಂದು ನಾಯಿ ಸಿಕ್ಕಿತು. ಉದ್ದ ಮೂತಿ, ಎತ್ತರದ ಕಾಲು, ಬೆನ್ನಿಗೆ ಅಂಟಿದಂತಿದ್ದ ಹೊಟ್ಟೆ. ಕೊರಳಲ್ಲಿ ಹೊಸ ಚರ್ಮದ ಪಟ್ಟಿ. ಮುಧೋಳ ತಳಿಯ ನಾಯಿಗೆ ಪಕ್ಕೆಲುಬು ಕಾಣುವುದು ಸಹಜ, ಅದನ್ನು ನೋಡಿ ಹಸಿದಿದೆ ಎಂದು ತಿಳಿಯಬೇಕಾಗಿಲ್ಲ. ಆದರೆ ಇದು ನಿಜಕ್ಕೂ ಹಸಿದಿತ್ತು. ಮೈತುಂಬ ಉಣ್ಣಿ, ಜ್ವರ. ಪಶುವೈದ್ಯರು ನೋಡಿ ಒಂದೂವರೆ ವರ್ಷದೊಳಗಿನ ಗಂಡು ಎಂದರು. ಪಟ್ಟಿ ಕಟ್ಟಿದ ಕೈಯೇ ಅದನ್ನು ವಾಹನದಿಂದ ಇಳಿಸಿ ಹೋಗಿತ್ತೆಂಬುದರಲ್ಲಿ ನಮಗೆ ಸಂಶಯವಿಲ್ಲ. ಹಲವು ವಾರಗಳ ಕಾಲ ಅದು ಪ್ರತಿಯೊಂದು ಬಿಳಿ ಕಾರಿನ ಹಿಂದೆ ಓಡಲು ಹವಣಿಸುತ್ತಿತ್ತು.

ಇದು ಒಂದು ನಾಯಿಯ ಕಥೆ ಮಾತ್ರವಾಗಿದ್ದರೆ ಈ ಪುಟಗಳನ್ನು ತುಂಬಿಸುವ ಅಗತ್ಯವಿರಲಿಲ್ಲ. ನಾವು ಈಗ ಹೆಮ್ಮೆಯೆಂದು ಕರೆಯುತ್ತಿರುವ ವಸ್ತು ಎಂಥದೆಂಬ ಪ್ರಶ್ನೆ ಇದರ ಹಿಂದಿದೆ.

ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿದ್ದು, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಮರಿಗಳನ್ನು ಕಾಣಿಕೆ ಕೊಟ್ಟದ್ದು ಎಲ್ಲರೂ ಹೇಳುವ ಮಾತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2018ರ ಮೇ ತಿಂಗಳಲ್ಲಿ ಪ್ರಧಾನಿಯವರು ಜಮಖಂಡಿಯ ಚುನಾವಣಾ ಸಭೆಯಲ್ಲಿ ಎದುರಾಳಿಗಳನ್ನು ಚುಚ್ಚಲು ಮುಧೋಳ ನಾಯಿಯ ಹೆಸರೆತ್ತಿದರು. 2020ರ ಆಗಸ್ಟ್‌ನಲ್ಲಿ ಬಾನುಲಿ ಭಾಷಣದಲ್ಲಿ ದೇಶೀ ತಳಿಗಳನ್ನು ಸಾಕಿರೆಂದು ಕರೆಯಿತ್ತಾಗಲೂ ಇದರ ಹೆಸರಿತ್ತು. ದೇಶೀ ತಳಿಯನ್ನು ಉಳಿಸಬೇಕೆಂಬುದರಲ್ಲಿ ನಮಗೆ ತಕರಾರಿಲ್ಲ. ಹಿಮದ ನಾಡಿನ ನಾಯಿಯನ್ನು ತಂದು ಬೆಂಗಳೂರಿನ ಬಿಸಿಲಲ್ಲಿ ಬೇಯಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಮರಿ ಸಾಕಿರೆಂದು ಕರೆಕೊಡುವವರು ಯಾರೂ, ಆ ಮರಿ ಒಂದು ವರ್ಷದ ಬಳಿಕ ಏನಾಗುವುದೆಂದು ಹೇಳಲಿಲ್ಲ.

ಏನಾಗುವುದೆಂದರೆ, ಎರಡೂಕಾಲು ಅಡಿ ಎತ್ತರ, 25 ಕಿಲೋ ಆಸುಪಾಸಿನ ತೂಕದ ಓಟಗಾರನಾಗುತ್ತದೆ. ಅದು ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಕಾಲು ತಾನಾಗಿಯೇ ಹೊರಡುತ್ತದೆ, ಹಿಂದಿನಿಂದ ಕೂಗುವವನ ದನಿ ಕಿವಿಗೆ ಬೀಳುವುದಿಲ್ಲ. ಶತಮಾನಗಳ ಕಾಲ ಮನುಷ್ಯನೇ ಆರಿಸಿ ಆರಿಸಿ ಬೆಳೆಸಿದ ಗುಣವಿದು. ಅದನ್ನು ದುರ್ಗುಣವೆನ್ನುವಂತಿಲ್ಲ. ಎರಡು ತಿಂಗಳ ಮರಿಯನ್ನು ಮಕ್ಕಳ ತೊಡೆಯ ಮೇಲೆ ಕೂರಿಸಿ ಚಿತ್ರ ತೆಗೆಸಿಕೊಂಡವರು, ಪಕ್ಕದ ಮನೆಯ ಕೋಳಿ ಸತ್ತ ದಿನ ಸರಪಳಿ ತರುತ್ತಾರೆ. ಸರಪಳಿಗೆ ಬಿದ್ದ ನಾಯಿ ಸಿಟ್ಟಾಗುತ್ತದೆ. ಸಿಟ್ಟಾದ ನಾಯಿಗೆ ಘಟ್ಟದ ರಸ್ತೆ.

ಮಲೆನಾಡಿನ ನಾವೂ ಇದರಲ್ಲಿ ನಿರಪರಾಧಿಗಳಲ್ಲ. ಮಂಗನ ಹಾವಳಿಗೆ ಮುಧೋಳ ನಾಯಿಯೇ ಮದ್ದು ಎಂಬ ಮಾತು ಅಡಿಕೆ ತೋಟದಿಂದ ತೋಟಕ್ಕೆ ಹಬ್ಬಿದೆ. ಮಂಗ ಮರ ಹತ್ತುತ್ತದೆ, ನಾಯಿ ಹತ್ತುವುದಿಲ್ಲ ಎಂಬಷ್ಟು ಸರಳ ಸತ್ಯವನ್ನು ಮರಿಗೆ ಹಣ ತೆತ್ತ ಮೇಲೆ ಕಂಡುಕೊಳ್ಳುವವರಿದ್ದಾರೆ. ತೆಳು ಚರ್ಮ, ಗಿಡ್ಡ ಕೂದಲಿನ ಈ ಬಯಲುನಾಡಿನ ಜೀವಕ್ಕೆ ನಮ್ಮ ಜಡಿಮಳೆಯ ನಾಲ್ಕು ತಿಂಗಳು ಶಿಕ್ಷೆಯೇ ಸರಿ. ಬಿಟ್ಟರೆ ಬೇಲಿಯಾಚೆ ಕಾಡುಕುರಿ, ಮೊಲ. ಕತ್ತಲಾದರೆ ಚಿರತೆ. ಲಸಿಕೆ ಕಾಣದ ನಾಯಿ ಕಾಡಿಗೆ ಒಯ್ಯುವ ರೋಗದ ಮಾತು ಬೇರೆಯೇ ಇದೆ: 2018ರ ಸೆಪ್ಟೆಂಬರ್, ಅಕ್ಟೋಬರ್‌ಗಳ ಕೆಲವೇ ವಾರಗಳಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳನ್ನು ಕಾಡುವ ಡಿಸ್ಟೆಂಪರ್ ವೈರಾಣು ಅವುಗಳಲ್ಲಿ ಪತ್ತೆಯಾಗಿತ್ತು. ನಾಯಿಯನ್ನು ಕಾಡಂಚಿನಲ್ಲಿ ಬಿಟ್ಟು ‘ಹೇಗೋ ಬದುಕಿಕೊಳ್ಳುತ್ತದೆ’ ಎನ್ನುವವರು ಸೀಳುನಾಯಿಯ ಹಿಂಡಿನ ವಿಷಯವನ್ನೂ ಒಮ್ಮೆ ಯೋಚಿಸಬೇಕು.

ಹಾಗಾದರೆ ತವರಿನಲ್ಲೇ ಇದಕ್ಕೊಂದು ಮನೆ ಹುಡುಕೋಣವೆಂದು ಚಳಿಗಾಲದಲ್ಲಿ ನಾವು ಮೂವರು ಮುಧೋಳದತ್ತ ಹೊರಟೆವು. ನಾಲ್ಕು ದಿನ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿಗಳನ್ನು ಸುತ್ತಿದೆವು. ಬರಿಗೈಯಲ್ಲಿ ಬಂದೆವೆನ್ನಲಾರೆ, ತಿಳಿವಳಿಕೆ ಹೊತ್ತು ಬಂದೆವು.

ಬಯಲು ಎಂದು ನಾವು ಕಲ್ಪಿಸಿಕೊಂಡಿದ್ದ ನೆಲವನ್ನು ಕಬ್ಬು ನುಂಗಿದೆ. ಘಟಪ್ರಭೆಯ ದಂಡೆಯಿಂದ ಕಣ್ಣು ಹಾಯುವವರೆಗೂ ಕಬ್ಬು. ಮುಧೋಳದ ಹತ್ತಿರದ ಹಳ್ಳಿಯ ಹಿರಿಯರೊಬ್ಬರು ನಾಯಿಯ ಬೆನ್ನು ಸವರಿ, “ನಾಯಿ ಛಲೋ ಐತಿ ತಮ್ಮಾ. ಆದ್ರ ಇದಕ್ಕ ಓಡಾಕ ಜಾಗಾ ಎಲ್ಲೈತಿ? ನಮ್ಮ ಮನ್ಯಾಗ ಆರು ಅದಾವು, ಮರಿ ಮಾರಿದ್ರ ಒಲಿ ಹತ್ತತೈತಿ. ಇದು ಮರಿ ಅಲ್ಲ ನೋಡು” ಎಂದರು. ಅವರನ್ನು ದೂರುವ ಮನಸ್ಸು ನನಗಿಲ್ಲ. ತುಂಡು ಭೂಮಿಯೂ ಇಲ್ಲದ ಕುಟುಂಬಕ್ಕೆ ಒಂದು ಸೂಲು ಮರಿ ವರ್ಷದ ಆಸರೆ. ರಬಕವಿ-ಬನಹಟ್ಟಿಯಲ್ಲಿ ನೇಕಾರ ಮಿತ್ರರೊಬ್ಬರು ಪ್ರೀತಿಯಿಂದ ಕರೆದರು. ಮಗ್ಗವೇ ಮನೆಯ ಮುಕ್ಕಾಲು ಪಾಲು ಆವರಿಸಿತ್ತು. ನೂಲು, ನಾಯಿ ಎರಡನ್ನೂ ಕಾಯಲಾಗದೆಂದು ಅವರೇ ನಕ್ಕರು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಕೊಂಡವರೊಬ್ಬರು, “ನಮಗ ಹೊಸಾ ಜಾಗಾ ಒಗ್ಗಾಕ ಎಷ್ಟ ವರ್ಷ ಹಿಡೀತು, ಇದಕ್ಕೂ ಹಿಡೀತೈತಿ ಬಿಡ್ರಿ” ಎಂದರು. ಆ ಮಾತು ಇನ್ನೂ ನನ್ನ ತಲೆಯಲ್ಲಿದೆ.

ನಾಯಿ ಬೇಕೆಂದು ಮುಂದೆ ಬಂದವರು ಇಬ್ಬರೇ. ಒಬ್ಬರಿಗೆ ಬೇಕಾಗಿದ್ದದ್ದು ಮರಿ ಹುಟ್ಟಿಸಲು ಗಂಡು. ಇನ್ನೊಬ್ಬರು ಮೊಲದ ಬೇಟೆಯ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದರು. ಬೀಳಗಿ, ಮುಧೋಳ ತಾಲ್ಲೂಕುಗಳ ಸುಮಾರು 96 ಚದರ ಕಿಲೋಮೀಟರ್ ಗುಡ್ಡಪ್ರದೇಶ 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಾಗಿದೆ. ಚಿಂಕಾರ ವನ್ಯಜೀವಿ ಕಾಯಿದೆಯ ಮೊದಲನೆಯ ಪರಿಶಿಷ್ಟದ ಪ್ರಾಣಿ. ಬೇಟೆನಾಯಿಯ ತವರೂ ಚಿಂಕಾರದ ಕೊನೆಯ ನೆಲೆಗಳಲ್ಲೊಂದೂ ಒಂದೇ ಮಣ್ಣಿನಲ್ಲಿವೆ. ಅಂಥಲ್ಲಿ ಮೊಲದ ಬೇಟೆಯವರ ಕೈಗೆ ಈ ಪ್ರಾಯದ ನಾಯಿಯನ್ನು ಒಪ್ಪಿಸುವುದೆಂದರೆ ಒಂದು ಜೀವ ಉಳಿಸಲು ಹೋಗಿ ಹತ್ತಕ್ಕೆ ಕುತ್ತು ತಂದಂತೆ. ಕೊಡಲಿಲ್ಲ. ‘ಇಷ್ಟು ದೂರ ಬಂದು ಹಟ ಮಾಡುತ್ತೀರಿ’ ಎಂಬ ಬೈಗುಳವನ್ನೂ ಕೇಳಿಸಿಕೊಂಡೆವು.

ಕಾನೂನಿನ ಸ್ಥಿತಿಯನ್ನಾದರೂ ನೋಡಿ. ಹಸಿವು, ಬಾಯಾರಿಕೆಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ! ಘಟ್ಟ ಹತ್ತಿ ಬರಲು ಸುಟ್ಟ ಪೆಟ್ರೋಲೇ ಅದಕ್ಕಿಂತ ದುಬಾರಿ. 2017ರ ತಳಿ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ತಳಿಗಾರರು ರಾಜ್ಯ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು ಎನ್ನುತ್ತವೆ. ಹಳ್ಳಿಯ ಜಗಲಿಯಲ್ಲಿ ನಡೆಯುವ ವ್ಯಾಪಾರಕ್ಕೆ ಈ ಸುದ್ದಿ ತಲುಪಿದೆಯೆ?

ನಮ್ಮ ಒತ್ತಾಯ ಸರಳವಾದುದು. ಮುಧೋಳದ ಹೆಸರಿನಲ್ಲಿ ಮರಿ ಮಾರುವ ಪ್ರತಿಯೊಬ್ಬರೂ, ಸರಕಾರಿ ಕೇಂದ್ರವೇ ಇರಲಿ, ಖಾಸಗಿಯವರೇ ಇರಲಿ, ಕೊಂಡವರಿಗೆ ಬೇಡವಾದ ನಾಯಿಯನ್ನು ಮರಳಿ ಪಡೆಯುವ ಹೊಣೆ ಹೊರಬೇಕು. ಬಡ ಸಾಕಣೆದಾರರ ಪಾಲಿನ ಹೊಣೆಯನ್ನು ಸರಕಾರ ಹೊರಲಿ. ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ತಳಿಯ ಶುದ್ಧಿಗೆ ಕೊಟ್ಟಷ್ಟೇ ಗಮನವನ್ನು ತಳಿಯ ಅನಾಥರಿಗೂ ಕೊಡಲು ಅದಕ್ಕಿಂತ ತಕ್ಕ ಜಾಗ ಯಾವುದು? ಮರಿ ಕೊಳ್ಳುವ ಮುನ್ನ ಬೆಳೆದ ನಾಯಿಯನ್ನು ಒಂದು ದಿನ ಓಡಿಸಿಕೊಂಡು ಬರಬೇಕೆಂಬ ನಿಯಮವಿದ್ದರೆ ಅರ್ಧದಷ್ಟು ಗಿರಾಕಿಗಳು ಮನೆಗೆ ಮರಳುತ್ತಾರೆಂಬುದು ನನ್ನ ಖಾಸಗಿ ಅಭಿಪ್ರಾಯ.

ಸದ್ಯ ನಾಯಿ ನಮ್ಮ ಅಡಿಕೆ ಅಟ್ಟದ ಕೆಳಗಿದೆ. ರೇಬೀಸ್, ಡಿಸ್ಟೆಂಪರ್ ಲಸಿಕೆಗಳಾಗಿವೆ, ಸಂತಾನಹರಣ ಚಿಕಿತ್ಸೆಯೂ ಆಗಿದೆ. ಮರಿ ಹುಟ್ಟಿಸುವ ಆಸೆಯವರು ಪ್ರಯಾಸಪಡುವುದು ಬೇಡ. ಜೋಳದ ರೊಟ್ಟಿ, ಮಜ್ಜಿಗೆ ಎಂದರೆ ಪ್ರಾಣ. ಹಗ್ಗ ಹಿಡಿದು ಬೆಳಿಗ್ಗೆ ಸಂಜೆ ನಡೆಸಿದರೆ ಮಿಕ್ಕ ಹೊತ್ತು ಗೋಣಿಯ ಮೇಲೆ ಮಲಗಿರುತ್ತದೆ. ಮಕ್ಕಳೊಂದಿಗೆ ಸೌಮ್ಯ. ಬೆಕ್ಕಿನ ವಿಷಯದಲ್ಲಿ ನಂಬುವಂತಿಲ್ಲ. ಆರಡಿ ಎತ್ತರದ ಗೋಡೆಯೋ ಬೇಲಿಯೋ ಇರುವ, ಕಾಡಂಚಿನಿಂದ ದೂರವಿರುವ ಮನೆ ಬೇಕು. ಹಗಲಿಡೀ ಕಟ್ಟಿಹಾಕುವವರಿಗೆ ಕೊಡುವುದಿಲ್ಲ. ಹಣ ಪಡೆಯುವುದಿಲ್ಲ, ಆದರೆ ನಾವು ಬಂದು ಮನೆ ನೋಡುತ್ತೇವೆ. ಎರಡು ವಾರ ಇಟ್ಟುಕೊಂಡು ನೋಡಿ, ಆಗದಿದ್ದರೆ ನಮಗೇ ಮರಳಿಸುತ್ತೇವೆಂದು ಬರೆದುಕೊಡಬೇಕು. ಬಳಗದ ಕಚೇರಿಗೆ ಯಾವ ಭಾನುವಾರವಾದರೂ ಬರಬಹುದು. ಮನೆಮಂದಿಯೆಲ್ಲ ಬಂದರೆ ಒಳ್ಳೆಯದು. ಕೋಳಿ ಸಾಕಿರುವವರು ಮೊದಲೇ ಹೇಳಿಬಿಡಿ.